ಓಲಗ, ಕಚೇರಿ, ತುಕ್ಕಡ

ಬಹಳ ವರ್ಷಗಳ ಹಿಂದಿನ ಮಾತು. ದೂರದ ನೆಂಟರ ಮನೆಯ ಮದುವೆಗೆ ಹೋಗಿದ್ದೆ. ಚಪ್ಪರದ ಒಂದು ಮೂಲೆಯಲ್ಲಿ ಓಲಗದವರು ಕುಳಿತು ನುಡಿಸುತ್ತಿದ್ದರು. ಇನ್ನೊಂದು ಮೂಲೆಯಲ್ಲಿ ಇಬ್ಬರು ಹಿರಿಯರಿಗೆ ಮಾತಿಗೆ ಮಾತು ಬೆಳೆದಿತ್ತು. ಉಡುಗೊರೆಯ ವಿಷಯವೋ, ಪಂಕ್ತಿಯ ವಿಷಯವೋ, ಈಗ ನೆನಪಿಲ್ಲ. ಮೂರನೆಯವರೊಬ್ಬರು ನಡುವೆ ಬಾಯಿ ಹಾಕಿ ಒಬ್ಬರ ಪರವಾಗಿ ನಾಲ್ಕು ಮಾತು ಆಡಿದ್ದೇ ತಡ, ಮತ್ತೊಬ್ಬರು ಕೆರಳಿ, “ನೀನು ತಾಳ ಹಾಕೋದು ನಿಲ್ಲಿಸಯ್ಯ!” ಎಂದು ಚಪ್ಪರ ಹಾರಿಹೋಗುವಂತೆ ಗದರಿದರು. ಓಲಗದ ಮೇಳದಲ್ಲಿ ಕಂಚಿನ ತಾಳ ಕುಟ್ಟುತ್ತಿದ್ದ ಹತ್ತು ಹನ್ನೆರಡು ವರ್ಷದ ಹುಡುಗ ಬೆಚ್ಚಿಬಿದ್ದು ತಾಳ ನಿಲ್ಲಿಸಿಬಿಟ್ಟ. ಡೋಲಿನವರ ಕೈ ತಡವರಿಸಿತು. ಚಪ್ಪರವೆಲ್ಲ ಗೊಳ್ಳೆಂದಿತು. ಜಗಳವಾಡುತ್ತಿದ್ದವರೂ ನಕ್ಕರು, ಜಗಳ ಅಲ್ಲಿಗೇ ಮುಗಿಯಿತು. ನಾಗಸ್ವರದ ಮುದುಕರು ಮಾತ್ರ ನಗಲಿಲ್ಲ. ವಾದ್ಯವನ್ನು ತುಟಿಯಿಂದ ಇಳಿಸಿ, “ನಿನಗಲ್ಲಪ್ಪ ಅದು. ನೀನು ಹಾಕು” ಎಂದು ಹುಡುಗನಿಗೆ ಮೆಲ್ಲಗೆ ಹೇಳಿ ಮತ್ತೆ ಊದತೊಡಗಿದರು.

ನಾನೂ ನಕ್ಕವರಲ್ಲಿ ಒಬ್ಬ. ಆದರೆ ಊರಿಗೆ ಹಿಂದಿರುಗುವ ಬಸ್ಸಿನಲ್ಲಿ ಆ ಮುದುಕರ ಮಾತು ಕಾಡತೊಡಗಿತು. ತಾಳ ಹಾಕುವುದು ಒಬ್ಬನ ಕಸುಬು. ಅದೇ ಮಾತು ಇನ್ನೊಬ್ಬನಿಗೆ ಬೈಗುಳ. ಇದು ಹೇಗಾಯಿತು? ಅಂದಿನಿಂದ ಸಂಗೀತದವರ ಬಾಯಲ್ಲಿ ಬರುವ ಆಡುಮಾತುಗಳನ್ನೂ, ಸಂಗೀತದಿಂದ ಬೀದಿಗೆ ಇಳಿದ ಮಾತುಗಳನ್ನೂ ಕಿವಿಗೊಟ್ಟು ಕೇಳುವ ಚಪಲ ನನಗೆ ಅಂಟಿಕೊಂಡಿತು. ಶಾಸ್ತ್ರಗ್ರಂಥಗಳ ಪರಿಭಾಷೆಯ ಮಾತು ಬೇರೆ. ಶ್ರುತಿ, ಗ್ರಾಮ, ಮೂರ್ಛನೆ, ಗಮಕ ಮುಂತಾದ ಪದಗಳಿಗೆ ಶಾರ್ಙ್ಗದೇವನೇ ಮೊದಲಾದ ಲಾಕ್ಷಣಿಕರು ಲಕ್ಷಣ ಬರೆದಿಟ್ಟಿದ್ದಾರೆ. ಅವು ನೆಲೆ ಬದಲಿಸದೆ ಗ್ರಂಥಗಳಲ್ಲಿ ಕುಳಿತಿವೆ. ನಾನು ಹೇಳಹೊರಟಿರುವುದು ಯಾವ ಲಾಕ್ಷಣಿಕನೂ ಲಕ್ಷಣ ಬರೆಯದ, ಆದರೆ ಸಂಗೀತಗಾರನಿಗೆ ದಿನಬೆಳಗಾದರೆ ಬೇಕಾಗುವ ಮಾತುಗಳನ್ನು ಕುರಿತು.

ಓಲಗದಿಂದಲೇ ತೊಡಗುತ್ತೇನೆ. ಇಂದು ಓಲಗವೆಂದರೆ ನಾಗಸ್ವರ ಮತ್ತು ಡೋಲಿನ ಮೇಳ. ಆಡುಮಾತಿನಲ್ಲಿ ಅದು ‘ವಾಲಗ’. ಕೊಡಗಿನಲ್ಲಿಯೂ ವಾಲಗವೆಂದೇ ಹೆಸರು. ಅಲ್ಲಿನ ಮದುವೆಗಳಲ್ಲಿ ವಾಲಗದ ನಾದ ಎದ್ದರೆ ಕಾಲುಗಳು ತಾವಾಗಿ ಕುಣಿಯುತ್ತವೆ. ಆದರೆ ಹಳಗನ್ನಡದಲ್ಲಿ ಈ ಪದಕ್ಕೂ ವಾದ್ಯಕ್ಕೂ ನೇರ ಸಂಬಂಧವಿಲ್ಲ. ಓಲಗವೆಂದರೆ ಸೇವೆ, ಓಲಗವೆಂದರೆ ರಾಜಸಭೆ. ಓಲಗಿಸುವುದೆಂದರೆ ಸೇವಿಸುವುದು. ಪಂಪನಿಂದ ಹಿಡಿದು ಕುಮಾರವ್ಯಾಸನವರೆಗೆ ನಮ್ಮ ಕಾವ್ಯಗಳ ಅರಸರು ಓಲಗದಲ್ಲಿ ಕುಳಿತಿರುತ್ತಾರೆ. ಸಭೆ ತುಂಬಿ ಮೆರೆದರೆ ಅದು ಒಡ್ಡೋಲಗ. ಯಕ್ಷಗಾನದಲ್ಲಿ ವೇಷಗಳು ವೈಭವದಿಂದ ರಂಗ ಪ್ರವೇಶಿಸುವುದನ್ನು ಇಂದಿಗೂ ಒಡ್ಡೋಲಗ ಎನ್ನುತ್ತಾರೆ. ಅರಸನ ಓಲಗದಲ್ಲಿಯೂ ದೇವರ ಓಲಗದಲ್ಲಿಯೂ ನುಡಿಯುತ್ತಿದ್ದ ವಾದ್ಯಕ್ಕೆ ಕ್ರಮೇಣ ಅದೇ ಹೆಸರು ನಿಂತಿತೆಂದು ಊಹಿಸುವುದು ಕಷ್ಟವಲ್ಲ. ಅರಸ ಹೋದ, ಆಸ್ಥಾನ ಹೋಯಿತು. ಸಭೆಯ ಹೆಸರನ್ನು ಸಭೆಯ ಬಾಗಿಲಲ್ಲಿ ಊದುತ್ತಿದ್ದವನು ಉಳಿಸಿಕೊಂಡ. ಒಳಗೆ ಗದ್ದುಗೆಯ ಬಳಿ ಕುಳಿತಿದ್ದ ಮಂತ್ರಿಗಾಗಲಿ ದಂಡನಾಯಕನಿಗಾಗಲಿ ಆ ಭಾಗ್ಯ ದೊರೆಯಲಿಲ್ಲ.

ಓಲಗದ ಬಳಗದ ಇನ್ನೊಂದು ಮಾತು ಗಟ್ಟಿಮೇಳ. ಮಾಂಗಲ್ಯಧಾರಣೆಯ ಹೊತ್ತಿಗೆ ಪುರೋಹಿತರು ಕೈಯೆತ್ತಿ “ಗಟ್ಟಿಮೇಳ, ಗಟ್ಟಿಮೇಳ!” ಎಂದು ಕೂಗುವುದನ್ನು ಕೇಳದವರಿಲ್ಲ. ಮೇಳವನ್ನು ಗಟ್ಟಿಯಾಗಿ ನುಡಿಸಿರಿ ಎಂದಷ್ಟೇ ಅದರ ಅರ್ಥ. ಆ ಗಳಿಗೆಯಲ್ಲಿ ಸೀನು, ಅಳು, ಅಪಶಕುನದ ಮಾತು ಯಾವುದೂ ವಧೂವರರ ಕಿವಿಗೆ ಬೀಳಬಾರದೆಂಬುದು ಉದ್ದೇಶ. ಕೆಟ್ಟ ಮಾತು ಕೇಳಿಸದಂತೆ ಮಾಡುವುದೇ ಒಂದು ವಾದ್ಯದ ಕೆಲಸವಾಗಿರುವುದು ಸೋಜಿಗವಲ್ಲವೆ? “ನಿಮ್ಮ ಮಗನ ಗಟ್ಟಿಮೇಳ ಯಾವಾಗ?” ಎಂದು ಕೇಳುವವರು ಸಂಗೀತವನ್ನು ಕುರಿತು ಕೇಳುತ್ತಿಲ್ಲವೆಂಬುದು ಎಲ್ಲರಿಗೂ ತಿಳಿದದ್ದೇ.

ಇನ್ನು ಕಚೇರಿ. ಈ ಪದ ನಮಗೆ ಹಿಂದೂಸ್ತಾನಿ ಭಾಷೆಯ ‘ಕಚಹರಿ’ಯಿಂದ ಬಂದದ್ದು. ಅಧಿಕಾರಿಗಳು ಕುಳಿತು ಅಹವಾಲು ಕೇಳುವ, ನ್ಯಾಯ ತೀರಿಸುವ, ಕಂದಾಯ ಎಣಿಸುವ ಸ್ಥಳ. ಬೆಂಗಳೂರಿನಲ್ಲಿ 1868ರಲ್ಲಿ ಪೂರ್ಣಗೊಂಡ ಕೆಂಪು ಕಟ್ಟಡಕ್ಕೆ ಅಠಾರಾ ಕಚೇರಿ ಎಂಬ ಹೆಸರು ಬಂದದ್ದು ಅಲ್ಲಿ ಸರ್ಕಾರದ ಹದಿನೆಂಟು ಇಲಾಖೆಗಳು ಕುಳಿತಿದ್ದುದರಿಂದ. ಈಗ ಅಲ್ಲಿ ಉಚ್ಚ ನ್ಯಾಯಾಲಯವಿದೆ. ಅದೇ ಪದ ದಕ್ಷಿಣದ ಸಂಗೀತಗಾರನ ಬಾಯಲ್ಲಿ ‘ಸಂಗೀತ ಕಚೇರಿ’ಯಾಯಿತು. ಧಾರವಾಡದ ಕಡೆಯ ಗೆಳೆಯರೊಬ್ಬರು ಮೊದಲ ಸಲ ಮೈಸೂರಿಗೆ ಬಂದಾಗ, “ಈ ಭಾನುವಾರ ರಾತ್ರಿ ದೊಡ್ಡ ಕಚೇರಿ ಇದೆ, ಹೋಗೋಣ” ಎಂದು ಯಾರೋ ಕರೆದರಂತೆ. ಭಾನುವಾರ, ಅದರಲ್ಲೂ ರಾತ್ರಿ, ಯಾವ ಕಚೇರಿ ತೆರೆದಿರುತ್ತದೆಂದು ಇವರು ತಬ್ಬಿಬ್ಬಾದರು. ಅವರ ಸೀಮೆಯಲ್ಲಿ ಸಂಗೀತಕ್ಕೆ ಬೈಠಕ್, ಇಲ್ಲವೆ ಮೆಹಫಿಲ್. ಬೈಠಕ್ ಎಂದರೆ ಕೂರುವುದು, ಅಷ್ಟೆ. ಕೂರುವವರು ಸುತ್ತ ಕುಳಿತ ರಸಿಕರು. ಎದುರಿಗೆ ಮೇಜಿಲ್ಲ, ಅರ್ಜಿಯಿಲ್ಲ. ನನಗೇನೋ ಆ ಮಾತೇ ಹೆಚ್ಚು ಸಹಜವೆನಿಸುತ್ತದೆ. ಆದರೂ ಕಚೇರಿ ಎಂಬ ಪದದಲ್ಲಿ ಒಂದು ಸತ್ಯ ಅಡಗಿದೆ: ಗಾಯಕ ಒಂದು ಅಧಿಕಾರದ ಎದುರು ಕುಳಿತು ಹಾಡುತ್ತಿದ್ದ, ಅವನ ಹಾಡಿಗೆ ತೀರ್ಪು ಬರುತ್ತಿತ್ತು.

ಹಳಗನ್ನಡದ ಓಲಗ, ಹಿಂದೂಸ್ತಾನಿಯ ಕಚಹರಿ ಎರಡೂ ಆಳುವವರ ಮನೆಯ ಮಾತುಗಳು. ಎರಡೂ ಸಂಗೀತದ ಹೆಸರುಗಳಾದವು. ಮೂರನೆಯದೊಂದನ್ನು ಸೇರಿಸಬಹುದು. ಉತ್ತರಾದಿಯ ಗಂಭೀರ ರಾಗಗಳಲ್ಲಿ ದರ್ಬಾರಿ ಕಾನಡಾ ಒಂದು. ತಾನಸೇನನ ಹೆಸರಿನೊಡನೆ ಸಂಪ್ರದಾಯ ಅದನ್ನು ಜೋಡಿಸಿದೆ. ‘ಕಾನಡಾ’ದಲ್ಲಿ ಕರ್ಣಾಟದ ನೆನಪಿದೆಯೆಂಬುದು ವಿದ್ವಾಂಸರ ಮತ. ಹಾಗಿದ್ದರೆ ನಮ್ಮ ಹೆಸರು ಆ ದರ್ಬಾರಿಗೂ ಹೋಗಿ ಕುಳಿತಿತ್ತೆಂದಾಯಿತು.

ಧಾರವಾಡದ ಮಾತು ಬಂದದ್ದರಿಂದ ಅಲ್ಲಿಯೇ ಸ್ವಲ್ಪ ಹೊತ್ತು ನಿಲ್ಲೋಣ. ಉಸ್ತಾದ್ ಅಬ್ದುಲ್ ಕರೀಮ್ ಖಾನರಂಥವರು ಆ ಸೀಮೆಯಲ್ಲಿ ಓಡಾಡಿ, ಕುಂದಗೋಳದ ಸವಾಯಿ ಗಂಧರ್ವರಂಥವರಿಗೆ ಕಲಿಸಿದಾಗ ರಾಗಗಳೊಂದಿಗೆ ಒಂದು ಶಬ್ದಭಂಡಾರವೂ ಕನ್ನಡನಾಡಿಗೆ ಬಂದಿಳಿಯಿತು. ತಾಲೀಮು ಅದರಲ್ಲೊಂದು. ಅರಬ್ಬೀ ಭಾಷೆಯಲ್ಲಿ ಅದಕ್ಕೆ ಶಿಕ್ಷಣವೆಂದು ಅರ್ಥ. ಕನ್ನಡದಲ್ಲಿ ಅದು ಗುರುವಿನೆದುರಿನ ಸಂಗೀತಪಾಠವೂ ಆಗಬಹುದು, ನಾಟಕ ಕಂಪನಿಯವರ ಪೂರ್ವಾಭ್ಯಾಸವೂ ಆಗಬಹುದು, ಪೈಲವಾನರ ಸಾಮು ಕೂಡ ಆಗಬಹುದು. ಮೂವರೂ ಬೆವರು ಸುರಿಸುವವರೇ ಆದ್ದರಿಂದ ಪದಕ್ಕೆ ಇರುಸುಮುರುಸಿಲ್ಲ. ರಿಯಾಜೂ ಹಾಗೆಯೇ: ಮೈ ಪಳಗಿಸುವ ಕಸರತ್ತಿನ ಮಾತು ಕಂಠವನ್ನು ಪಳಗಿಸುವ ಮಾತಾಯಿತು. ದಕ್ಷಿಣದವರು ಇದನ್ನೇ ‘ಸಾಧಕ’ ಎಂದು ತುಸು ತಪಸ್ಸಿನ ಧಾಟಿಯಲ್ಲಿ ಹೇಳುತ್ತಾರೆ.

ನನಗೆ ಬಹಳ ಪ್ರಿಯವಾದ ಜೋಡಿ ‘ಚೀಜು’ ಮತ್ತು ‘ಸಂಗತಿ’. ಹಿಂದೂಸ್ತಾನಿ ಗಾಯಕರು ಗುರುವಿನಿಂದ ಬಂದ ರಚನೆಯನ್ನು ಚೀಜು ಎನ್ನುತ್ತಾರೆ. ಬಂದಿಶ್ ಎಂಬ ಮರ್ಯಾದೆಯ ಹೆಸರು ಇದ್ದೇ ಇದೆ. ಆದರೆ ಆಪ್ತರ ನಡುವೆ ಅದು ಚೀಜು, ಅಂದರೆ ‘ವಸ್ತು’. ಒಳಮನೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಒಡವೆಯನ್ನು ಕುರಿತು ಮಾತನಾಡುವ ರೀತಿ. ಕೆಲವು ಗುರುಗಳು ಒಂದು ಚೀಜನ್ನು ಬಿಟ್ಟುಕೊಡಲು ಶಿಷ್ಯನನ್ನು ವರ್ಷಗಟ್ಟಲೆ ಕಾಯಿಸುತ್ತಿದ್ದರೆಂದು ಕೇಳಿದ್ದೇವೆ. ಹಾಗೆ ನೋಡಿದರೆ ಪದ ಎಷ್ಟು ಸಾರ್ಥಕ! ಇತ್ತ ಕರ್ನಾಟಕ ಸಂಗೀತದಲ್ಲಿ ಕೃತಿಯ ಒಂದು ಸಾಲನ್ನು ಹಂತಹಂತವಾಗಿ ಬೆಳೆಸುತ್ತ ಹಾಡುವ ಬಗೆಗಳಿಗೆ ಸಂಗತಿಗಳೆಂದು ಹೆಸರು. ಸಂಸ್ಕೃತದಲ್ಲಿ ಸಂಗತಿ ಎಂದರೆ ಕೂಡುವಿಕೆ. ಕನ್ನಡದ ಕಿವಿಗೆ ಮಾತ್ರ ಅದು ‘ವಿಷಯ’, ‘ಸಮಾಚಾರ’. “ಏನು ಸಂಗತಿ?” ಎಂದು ನಾವು ಕೇಳುವಂತೆ ಗಾಯಕನೂ ಒಂದು ಸಾಲನ್ನು ಮತ್ತೆ ಮತ್ತೆ ಮಾತನಾಡಿಸಿ ಅದರ ಸಂಗತಿಯನ್ನು ಹೊರಡಿಸುತ್ತಾನೆ. ಇದು ವ್ಯುತ್ಪತ್ತಿಯಲ್ಲ, ನನ್ನ ಕಲ್ಪನೆ, ವೈಯಾಕರಣರು ಕ್ಷಮಿಸಬೇಕು. ‘ಪಲ್ಲವಿ’ಯಲ್ಲಿ ಪದ, ಲಯ, ವಿನ್ಯಾಸ ಎಂಬ ಮೂರರ ಮೊದಲ ಅಕ್ಷರಗಳಿವೆಯೆಂದು ಪಂಡಿತರೇ ಹೇಳಿ ನಂಬಿಸಿರುವಾಗ ನನ್ನದು ದೊಡ್ಡ ಅಪರಾಧವಾಗಲಾರದು. ಪಲ್ಲವವೆಂದರೆ ಚಿಗುರು ಎಂಬ ಸರಳ ಅರ್ಥ ಕಣ್ಣೆದುರಿಗೇ ಇದೆ.

ಬಿರುದುಗಳೂ ಆಡುಮಾತುಗಳೇ. ಗಂಗೂಬಾಯಿ ಹಾನಗಲ್ಲರು ಹೇಳಿದ ಒಂದು ಮಾತು ಸಂಗೀತಲೋಕದಲ್ಲಿ ಪ್ರಸಿದ್ಧವಾಗಿದೆ. ಗಂಡಸು ಮುಸಲ್ಮಾನನಾದರೆ ಉಸ್ತಾದನಾಗುತ್ತಾನೆ, ಹಿಂದುವಾದರೆ ಪಂಡಿತನಾಗುತ್ತಾನೆ. ಕೇಸರಬಾಯಿ, ಮೋಗುಬಾಯಿಯರಂಥವರು ಮಾತ್ರ ಕೊನೆಯವರೆಗೂ ಬಾಯಿಯರಾಗಿಯೇ ಉಳಿಯುತ್ತಾರೆ ಎಂಬುದು ಅದರ ತಾತ್ಪರ್ಯ. ಅವರು ಬಾಲ್ಯದಲ್ಲಿ ಧಾರವಾಡದ ಬೀದಿಯಲ್ಲಿ ‘ಗಾನೇವಾಲಿ’ ಎಂಬ ಹೀಯಾಳಿಕೆ ಕೇಳಿದ್ದವರು. ಹಾಡುವವಳು ಎಂಬ ಮಾತಿನಲ್ಲಿ ಬೈಗುಳ ಎಲ್ಲಿದೆಯೆಂದು ನಿಘಂಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದು ಹೇಳುವವನ ದನಿಯಲ್ಲಿತ್ತು.

ಮತ್ತೆ ದಕ್ಷಿಣದ ಕಚೇರಿಗೆ ಬರುತ್ತೇನೆ. ಅಲ್ಲಿಯ ಒಂದು ಮಾತು ಕನ್ನಡಿಗರಾದ ನಮಗೆ ನೇರವಾಗಿ ತಾಗುವಂಥದು: ತುಕ್ಕಡ. ತುಂಡು ಎಂದರ್ಥ. ಸೈನ್ಯದ ತುಕಡಿ ಅದರ ಸೋದರ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಕಚೇರಿಗೆ ಇಂದಿನ ಚೌಕಟ್ಟು ಮೂಡಿತು. ಅದನ್ನು ರೂಪಿಸಿದವರಲ್ಲಿ ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರ ಹೆಸರನ್ನು ಎಲ್ಲರೂ ಮೊದಲು ಹೇಳುತ್ತಾರೆ. ಮೊದಲು ವರ್ಣ, ಆಮೇಲೆ ಕೃತಿಗಳು, ನಡುವೆ ದೊಡ್ಡ ರಾಗ, ಅದಾದ ಮೇಲೆ ತನಿ ಆವರ್ತನ, ಕೊನೆಗೆ ಚಿಕ್ಕಪುಟ್ಟ ರಚನೆಗಳು. ಈ ಕೊನೆಯವೇ ತುಕ್ಕಡಗಳು. ನಮ್ಮ ದಾಸರ ಪದಗಳಿಗೆ ಸಿಕ್ಕ ಸ್ಥಾನ ಬಹುಮಟ್ಟಿಗೆ ಅಲ್ಲಿ. ವಿಪರ್ಯಾಸವನ್ನು ನೋಡಿ. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ, ಅಲಂಕಾರಗಳ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಸಂಪ್ರದಾಯವೆಲ್ಲ ಒಪ್ಪುತ್ತದೆ. ಅವರನ್ನು ಸಂಗೀತ ಪಿತಾಮಹರೆನ್ನುತ್ತದೆ. ತ್ಯಾಗರಾಜರು ತಮ್ಮ ಪ್ರಹ್ಲಾದ ಭಕ್ತಿ ವಿಜಯದಲ್ಲಿ ಅವರನ್ನು ಸ್ಮರಿಸಿದ್ದಾರೆ. ಅಂಥವರ ಪದ ಬರುವುದು ಸಭಿಕರು ಚಪ್ಪಲಿ ಹುಡುಕುವ ಹೊತ್ತಿಗೆ, ತುಂಡು ಎಂಬ ಹೆಸರಿನಲ್ಲಿ.

ಇಲ್ಲಿ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ದಾಸರು 1564ರಲ್ಲಿ ಕಾಲವಾದರೆನ್ನುತ್ತಾರೆ. ಅವರು ಹಾಡಿದ ಧಾಟಿಗಳು ನಮಗೆ ಉಳಿದುಬಂದಿಲ್ಲ. ಇಂದು ನಾವು ಕೇಳುವ ಮಟ್ಟುಗಳಲ್ಲಿ ಹೆಚ್ಚಿನವು ಈಚಿನವರು ಕೂಡಿಸಿದವು. ತ್ಯಾಗರಾಜರ ಕೃತಿಯಲ್ಲಿರುವಂಥ ಸಂಗತಿಗಳ ಮೆಟ್ಟಿಲು ಅವುಗಳಲ್ಲಿಲ್ಲ. ಆದ್ದರಿಂದ ಅವು ಕೊನೆಗೆ ಹೋದದ್ದಕ್ಕೆ ಬರಿಯ ತಾತ್ಸಾರ ಕಾರಣವಲ್ಲ. ತಮಿಳರಿಗೂ ಇದೇ ಅಳಲಿತ್ತು. 1940ರ ದಶಕದಲ್ಲಿ ತಮಿಳು ಇಸೈ ಚಳವಳಿ ಎದ್ದಾಗ, ತಮ್ಮ ಭಾಷೆಯ ಹಾಡುಗಳು ತುಕ್ಕಡಗಳಾಗಿ ಮಾತ್ರ ಕೇಳಿಬರುತ್ತವೆಂಬುದು ಅವರ ದೊಡ್ಡ ದೂರುಗಳಲ್ಲಿ ಒಂದಾಗಿತ್ತು. ಕ್ರಮ ಇರಲಿ, ಹೆಸರನ್ನಾದರೂ ಬದಲಿಸಬಾರದಿತ್ತೆ ಎಂದು ನನಗನಿಸುತ್ತದೆ. ಕನ್ನಡದಲ್ಲಿ ‘ದೇವರನಾಮ’ ಎಂಬ ಚೆಲುವಾದ ಮಾತಿದೆ. ವಿದ್ವಾಂಸರು ವೇದಿಕೆಯ ಮೇಲೆ ಅದನ್ನೇ ಹೇಳುತ್ತಾರೆ. ವೇದಿಕೆಯಿಂದ ಇಳಿದ ಮೇಲೆ ತುಕ್ಕಡ ಎನ್ನುತ್ತಾರೆ.

ಈಗ ಹೆಸರಿಸಿದ ತನಿ ಆವರ್ತನದ ‘ತನಿ’ಯನ್ನೂ ಗಮನಿಸಬೇಕು. ಇದು ತಮಿಳಿನಿಂದ ಬಂದ ತನಿ, ಒಂಟಿ ಎಂದರ್ಥ. ಮೃದಂಗದವರು ಒಂಟಿಯಾಗಿ, ಗಾಯಕನ ಹಂಗಿಲ್ಲದೆ, ನುಡಿಸುವ ಭಾಗ. ಕನ್ನಡದ ತನಿಯೇ ಬೇರೆ: ತನಿವಣ್ಣು ಎಂದರೆ ರಸ ತುಂಬಿದ ಮಾಗಿದ ಹಣ್ಣು. ಒಳ್ಳೆಯ ಕೈ ನುಡಿಸಿದಾಗ ಕನ್ನಡದ ತನಿಯೇ ಸರಿಯಾದದ್ದು ಎನಿಸುತ್ತದೆ. ಆದರೆ ತನಿ ಪ್ರಾರಂಭವಾಯಿತೆಂದರೆ ಕಾಫಿಗೆ ಏಳುವ ರಸಿಕರು ಮೊದಲಿನಿಂದ ಇದ್ದಾರೆ. ಅವರ ಪಾಲಿಗೆ ಅದು ತಮಿಳಿನ ತನಿ. ಮೃದಂಗದವರು ನಿಜಕ್ಕೂ ಒಂಟಿ.

ಪಿಟೀಲಿನ ಕಥೆ ಇನ್ನೂ ತಮಾಷೆಯದು. ಯುರೋಪಿನ ಈ ವಾದ್ಯವನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದ ಶ್ರೇಯಸ್ಸು ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರದೆಂದು ಹೇಳುವುದು ವಾಡಿಕೆ. ವಯೊಲಿನ್ ಎಂಬುದು ಅದರ ಸಭ್ಯ ಹೆಸರು. ಫಿಡಲ್ ಎಂಬುದು ಇಂಗ್ಲಿಷರ ಹಳ್ಳಿಗಾಡಿನ ಹೆಸರು. ನಮ್ಮ ನಾಲಗೆಗೆ ಹತ್ತಿದ್ದು ಆ ಎರಡನೆಯದೇ: ಪಿಟೀಲು. ಅದಕ್ಕೆ ಒಂದು ಬೈಗುಳವೂ ಹುಟ್ಟಿಕೊಂಡಿತು. ಸುಮ್ಮನೆ ಒಂದೇ ಮಾತನ್ನು ಎಳೆದೆಳೆದು ಆಡುವವನಿಗೆ “ಪಿಟೀಲು ಕುಯ್ಯಬೇಡ” ಎನ್ನುತ್ತೇವೆ. ಕಮಾನು ಗರಗಸದಂತೆ ಹಿಂದೆಮುಂದೆ ಓಡುವುದನ್ನು ನೋಡಿದ ಯಾವನೋ ಕೀಟಲೆಗಾರ ಹುಟ್ಟಿಸಿದ ಮಾತಿರಬೇಕು. ವಿದ್ಯಾರ್ಥಿಗಳ ‘ಕೊರೆತ’ ಇದರ ನೆಂಟನೇ, ಆದರೆ ಅದು ಇಂಗ್ಲಿಷಿನ ಬೋರ್ ಎಂಬುದರ ಕನ್ನಡ ಅವತಾರವೆಂದು ನನ್ನ ಗುಮಾನಿ. ಅದೇನೇ ಇರಲಿ, ಇದೇ ನಾಡಿನ ತಿರುಮಕೂಡಲು ನರಸೀಪುರದಲ್ಲಿ 1895ರಲ್ಲಿ ಹುಟ್ಟಿದ ಚೌಡಯ್ಯನವರು ಈ ಹೆಸರನ್ನು ತಲೆಯೆತ್ತಿ ಹೊತ್ತರು. ಧ್ವನಿವರ್ಧಕಗಳು ಬಳಕೆಗೆ ಬರುವ ಮುನ್ನ ದೂರದ ಸಾಲಿಗೂ ನಾದ ಮುಟ್ಟಲೆಂದು ನಾಲ್ಕು ತಂತಿಗೆ ಇನ್ನೂ ಮೂರು ಕೂಡಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಜನ ಅವರನ್ನು ಪಿಟೀಲು ಚೌಡಯ್ಯ ಎಂದೇ ಕರೆದರು. ಅವರು 1967ರಲ್ಲಿ ತೀರಿಕೊಂಡ ಮೇಲೆ, 1980ರಲ್ಲಿ, ಬೆಂಗಳೂರಿನಲ್ಲಿ ಅವರ ಸ್ಮಾರಕ ಭವನ ಎದ್ದಿತು. ಅದರ ಆಕಾರವೂ ಪಿಟೀಲೇ. ವಾದ್ಯದ ಹೆಸರನ್ನು ಬೈಗುಳ ಮಾಡಿದ ಮಾತಿನವರೇ ಅದರೊಳಗೆ ಕುಳಿತು ಕಚೇರಿ ಕೇಳುತ್ತೇವೆ.

ಹೀಗೆ ಸಂಗೀತದಿಂದ ಬೀದಿಗಿಳಿದ ಮಾತುಗಳು ಎಷ್ಟೋ. ಮಗು ಹಟಹಿಡಿದರೆ ರಾಗ ಎಳೆಯುತ್ತದೆ. ಹಳೆಯ ದೂರನ್ನೇ ಮತ್ತೆ ಹೇಳುವವನದು ಅದೇ ರಾಗ, ಅದೇ ಹಾಡು. ಗೋಳು ತೋಡಿಕೊಳ್ಳುವವರದು ಮುಖಾರಿ; ಪಾಪ, ಆ ರಾಗದಲ್ಲಿ ತ್ಯಾಗರಾಜರು ಎಂಥೆಂಥ ಕೃತಿಗಳನ್ನು ರಚಿಸಿದ್ದಾರೆ! ಸಭೆಯಲ್ಲಿ ಒಪ್ಪದವನು ಅಪಸ್ವರ ಎತ್ತುತ್ತಾನೆ. ಬೇಡವಾದ ಯೋಜನೆಗೆ ಮಂಗಳ ಹಾಡುತ್ತಾರೆ. ಹೊಂದಿಕೆಯಿಲ್ಲದ ಕೆಲಸಕ್ಕೆ ತಾಳಮೇಳವಿಲ್ಲ. ಕೋಣನ ಮುಂದೆ ಕಿನ್ನರಿ ನುಡಿಸುವ ಗಾದೆಯಲ್ಲಿ ಮಾತ್ರ ವಾದ್ಯಕ್ಕೆ ಮಾನ ಉಳಿದಿದೆ, ಬೈಸಿಕೊಳ್ಳುವುದು ಕೋಣ.

ಈ ಪಟ್ಟಿಯನ್ನು ಮನಸ್ಸಿನಲ್ಲಿ ತಿರುವಿಹಾಕುತ್ತಿದ್ದಾಗ ನನಗೆ ಒಂದು ವಿಷಯ ಹೊಳೆಯಿತು. ಹಾಡುವವನಿಗೆ ಲೋಕ ಅಷ್ಟಾಗಿ ಬೈದಿಲ್ಲ. ಅದು ಬೈದಿರುವುದು ಹಾಡುವವನ ಪಕ್ಕದಲ್ಲಿ, ಹಿಂದೆ ಕುಳಿತವನಿಗೆ. ದೊಡ್ಡವರು ಹೇಳಿದ್ದಕ್ಕೆಲ್ಲ ಹೌದೆನ್ನುವವನನ್ನು ಕನ್ನಡದಲ್ಲಿ ತಾಳ ಹಾಕುವವನು ಎನ್ನುತ್ತೇವೆ. ತೆಲುಗರು ಅಂಥವನನ್ನು ‘ವಂತ ಪಾಡುವವನು’ ಎನ್ನುತ್ತಾರೆ. ಅಂದರೆ ಮೇಳದಲ್ಲಿ ಮುಖ್ಯ ಗಾಯಕನ ಸಾಲನ್ನು ಹಿಂದಿನಿಂದ ಎತ್ತಿ ಹಾಡುವವನು. ತಮಿಳರ ಮಾತಿನಲ್ಲಿ ಅವನು ‘ಒತ್ತು ಊದುವವನು’. ಒತ್ತು ಎಂದರೆ ನಾಗಸ್ವರದ ಜೊತೆಗೆ ಶ್ರುತಿಗಾಗಿ ಊದುವ, ಸ್ವರ ಬದಲಿಸದ ವಾದ್ಯ. ಮೂರು ಭಾಷೆಗಳು ಒಂದಕ್ಕೊಂದು ಹೇಳಿಕೊಟ್ಟಂತೆ ಒಂದೇ ಕಡೆಗೆ ಕೈತೋರಿಸಿವೆ. ಶ್ರುತಿ ತಾಯಿ, ಲಯ ತಂದೆ ಎಂದು ಸಂಗೀತದವರು ಹೇಳುತ್ತಾರೆ. ಆ ತಾಯಿಯನ್ನು ಹಿಡಿದು ಕುಳಿತವನು ಒತ್ತಿನವನು, ಆ ತಂದೆಯನ್ನು ಕಾದವನು ತಾಳದವನು. ಲೋಕ ಅವರಿಬ್ಬರ ಕಸುಬಿನಿಂದಲೇ ಹೊಗಳುಭಟ್ಟನಿಗೆ ಹೆಸರು ಹುಡುಕಿತು. ದೊರೆ ಕುಳಿತ ಜಾಗದ ಹೆಸರನ್ನು ಗೌರವದಿಂದ ಸಂಗೀತಕ್ಕೆ ಇಟ್ಟ ಭಾಷೆಯೇ ಇದನ್ನೂ ಮಾಡಿದೆ.

ಒತ್ತು ಊದುವುದು ಸುಲಭವೆಂದು ಯಾರೂ ತಿಳಿಯಬಾರದು. ನಾಗಸ್ವರದವರು ಉಸಿರಿಗೆ ನಿಲ್ಲಿಸಬಹುದು, ಒತ್ತಿನವನು ನಿಲ್ಲಿಸುವಂತಿಲ್ಲ. ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಮೂಗಿನಿಂದ ಉಸಿರೆಳೆಯುತ್ತ, ಒಂದೇ ಸ್ವರವನ್ನು ಬಿರುಕಿಲ್ಲದೆ ಗಂಟೆಗಟ್ಟಲೆ ಹಿಡಿಯಬೇಕು. ಆ ಕೆಲಸವನ್ನು ಮೊದಲು ಶ್ರುತಿಪೆಟ್ಟಿಗೆ ಹಂಚಿಕೊಂಡಿತು. 1970ರ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿನಲ್ಲಿಯೇ ವಿದ್ಯುತ್ತಿನಿಂದ ನುಡಿಯುವ ಶ್ರುತಿಯಂತ್ರ ಹುಟ್ಟಿತು. ಗುಂಡಿ ಒತ್ತಿದರೆ ಸಾಕು, ಉಸಿರಿನ ಹಂಗಿಲ್ಲ. ಅನೇಕ ಮೇಳಗಳಲ್ಲಿ ಈಗ ಒತ್ತಿನವನ ಜಾಗದಲ್ಲಿ ಆ ಪೆಟ್ಟಿಗೆ ಕುಳಿತಿದೆ. ಬೈಗುಳ ಮಾತ್ರ ಮೊದಲಿದ್ದಂತೆಯೇ ಇದೆ.

ಆ ಮದುವೆಯ ಊರಿಗೆ ಆಮೇಲೆ ಒಮ್ಮೆ ಹೋಗಿದ್ದೆ. ನಾಗಸ್ವರದ ಮುದುಕರು ತೀರಿಕೊಂಡಿದ್ದರು. ತಾಳದ ಹುಡುಗ ದೊಡ್ಡವನಾಗಿ ಡೋಲು ನುಡಿಸುತ್ತಿದ್ದ. ಅಂದಿನ ಪ್ರಸಂಗವನ್ನು ನೆನಪಿಸಿದೆ. ಅವನಿಗೆ ಜಗಳವೂ ನೆನಪಿರಲಿಲ್ಲ, ಜನ ನಕ್ಕದ್ದೂ ನೆನಪಿರಲಿಲ್ಲ. “ತಾಳ ನಿಂತದ್ದಕ್ಕೆ ತಾತ ಮನೆಗೆ ಹೋದಮೇಲೆ ಬೈದರು ಸ್ವಾಮಿ” ಎಂದ. “ಯಾರು ಏನೇ ಕೂಗಿದರೂ ನಡುವೆ ನಿಲ್ಲಿಸಬಾರದು ಅಂತ.”